ಅದು ಸ್ವಲ್ಪ…

ವಿಮಾನದ ಟಿಕೆಟು ರದ್ದು ಮಾಡಿದ್ದಕ್ಕೆ 18,000 ಯೆನ್ ಮುರಿದುಕೊಂಡಿದ್ದೇವೆ ಎಂಬ ಸಂದೇಶ ಇಂದು ಬೆಳಿಗ್ಗೆ ಮೊಬೈಲಿಗೆ ಬಂತು. ನಾನಾಗ ನಿಶಿ ಕಸಾಯಿಯಲ್ಲಿ ತೋಜಾಯ್ ಮಾರ್ಗದ ರೈಲು ಹತ್ತಿ, ಯಾರದೋ ಬೆನ್ನುಚೀಲಕ್ಕೆ ಕೆನ್ನೆ ಒತ್ತಿಕೊಂಡು ನಿಂತಿದ್ದೆ. ಬಾಯಿಬಿಟ್ಟು ಬೈಯುವ ಸುಖವೂ ಇಲ್ಲ. ಟೋಕಿಯೊದ ರೈಲಿನಲ್ಲಿ ಮೊಬೈಲಿನಲ್ಲಿ ಮಾತನಾಡುವುದೇ ಅಸಭ್ಯತೆ, ಇನ್ನು ಬೈಗುಳ ಎಲ್ಲಿಯದು? ಹದಿನೆಂಟು ಸಾವಿರ ಹೋದದ್ದು ಒಂದೇ ಒಂದು ಪದದ ದೆಸೆಯಿಂದ. ಆ ಪದ ‘ಚೊತ್ತೊ’. ಅರ್ಥ: ಸ್ವಲ್ಪ.

ನಡೆದದ್ದು ಇಷ್ಟು. ಸಾಗರದಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ಹತ್ತು ದಿನ ರಜೆ ಕೇಳಲು ನಮ್ಮ ಕಾಚೋ ಮುಂದೆ ಹೋಗಿ ನಿಂತೆ. ಕಾಚೋ ಎಂದರೆ ವಿಭಾಗದ ಮುಖ್ಯಸ್ಥರು. ಇಲ್ಲಿ ಹುದ್ದೆಯಿಂದಲೇ ಕರೆಯುವ ರೂಢಿ, ನಾವು ಮೇಷ್ಟ್ರನ್ನು ಮೇಷ್ಟ್ರೇ ಎಂದು ಕರೆಯುವ ಹಾಗೆ. ಅವರು ಮೊದಲು ಕ್ಯಾಲೆಂಡರ್ ನೋಡಿದರು. ಆಮೇಲೆ ತಲೆಯನ್ನು ಎಡಕ್ಕೆ ವಾಲಿಸಿದರು. ಸೂಜಿಮೆಣಸು ಕಚ್ಚಿದವರಂತೆ ಹಲ್ಲಿನ ಸಂದಿಯಿಂದ ‘ಸ್ಸ್ಸ್’ ಎಂದು ಉಸಿರೆಳೆದುಕೊಂಡರು. ‘ಸೋ ದೆಸು ನೇ…’ ಎಂದರು. ‘ಹೌದಲ್ಲವೇ’ ಎಂದ ಹಾಗೆ. ಯಾವುದು ಹೌದು ಎಂದು ಮಾತ್ರ ತಿಳಿಸಲಿಲ್ಲ. ಮತ್ತೊಮ್ಮೆ ಕ್ಯಾಲೆಂಡರ್. ಮತ್ತೊಮ್ಮೆ ಸೂಜಿಮೆಣಸು. ಕೊನೆಗೆ ಬಾಯಿಬಿಟ್ಟರು: ‘ತೋಕಾಕಾನ್ ವಾ ಚೊತ್ತೊ…’ ಹತ್ತು ದಿನ ಎಂದರೆ ಸ್ವಲ್ಪ…

ನಾನು ಕಾದೆ. ವಾಕ್ಯ ಮುಗಿದಿರಲಿಲ್ಲವಲ್ಲ! ಸ್ವಲ್ಪ ಏನು? ಸ್ವಲ್ಪ ಹೆಚ್ಚಾಯಿತೇ, ಸ್ವಲ್ಪ ತಡೆದು ಹೊರಡಬೇಕೇ, ಬರುವಾಗ ಸ್ವಲ್ಪ ಗೋಡಂಬಿ ತರಬೇಕೇ? ಕಾಚೋ ಗೋಡೆಯ ಗಡಿಯಾರ ನೋಡಿದರು. ಮರ್ಯಾದೆಗೆ ನಾನೂ ನೋಡಿದೆ. ಆಚೆ ಮೂಲೆಯಲ್ಲಿ ಯಾರೋ ನಲವತ್ತು ಪುಟದ ಜೆರಾಕ್ಸ್ ತೆಗೆದು ಮುಗಿಸಿದರು. ನಮ್ಮ ವಾಕ್ಯ ಮುಗಿಯಲಿಲ್ಲ. ಸರಿ, ಮುಗಿಸಲು ನಾನೇ ಸಹಾಯ ಮಾಡೋಣವೆಂದು ‘ಸ್ವಲ್ಪ… ಕಷ್ಟವೇ?’ ಎಂದೆ. ಅವರ ಮುಖ ಅರಳಿತು. ‘ಕೆಂತೋ ಶಿಮಸ್’ ಎಂದರು. ಪರಿಶೀಲಿಸುತ್ತೇನೆ! ಸೊಂಟ ಬಗ್ಗಿಸಿ ವಂದಿಸಿ ಬಂದವನು ಅಂದು ರಾತ್ರಿಯೇ ಬೆಂಗಳೂರಿಗೆ ಟಿಕೆಟು ತೆಗೆದೆ.

ವಾರದ ನಂತರ ಪಕ್ಕದ ಮೇಜಿನ ಸಹೋದ್ಯೋಗಿಗೆ ಸಂಭ್ರಮದಿಂದ ವಿಷಯ ತಿಳಿಸಿದರೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು. ‘ಅವರು ಆಗುವುದಿಲ್ಲ ಎಂದು ಎರಡು ಸಲ ಹೇಳಿದ್ದಾರಲ್ಲ!’

ಎರಡು ಸಲ. ಚೊತ್ತೊ ಒಂದು, ಕೆಂತೋ ಇನ್ನೊಂದು. ಮೆಣಸು ಕಚ್ಚಿದ್ದನ್ನೂ ಸೇರಿಸಿದರೆ ನಾಲ್ಕು.

ಕೆಂತೋ ವಿಷಯದಲ್ಲಿ ತಪ್ಪು ನನ್ನದೇ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಹಿಂಬರಹದ ಅರ್ಥ ಗೊತ್ತಿಲ್ಲದವನು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವನೇ ಅಲ್ಲ. ಆದರೆ ಚೊತ್ತೊ? ಬೆಂಗಳೂರಿನ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗವಾಗುತ್ತದೆ. ನಮ್ಮ ‘ಸ್ವಲ್ಪ’ ಬಾಗಿಲು ತೆರೆಯಲು ಇರುವುದು. ಇವರು ಅದೇ ಪದದಿಂದ ಚಿಲಕ ಹಾಕುತ್ತಾರೆ!

ನನ್ನನ್ನು ಹಳ್ಳಕ್ಕೆ ಕೆಡವಿದ್ದು ಈ ಭಾಷೆಯ ಪರಿಚಿತ ಮುಖವೇ. ಮೊದಲ ದಿನದ ತರಗತಿಯಲ್ಲಿ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗಿದಾಗ ಒಂದನೇ ತರಗತಿಯ ಹಲಗೆಯ ಮೇಲೆ ಕೂತಂತಾಗಿತ್ತು. ಸಂಸ್ಕೃತ ಬರೆಯುವ ಸಿದ್ಧಂ ಎಂಬ ಲಿಪಿಯನ್ನು ಬೌದ್ಧ ಭಿಕ್ಷುಗಳು ಅಧ್ಯಯನ ಮಾಡಿದ್ದರ ಮೂಲಕ ಬಂದ ಕ್ರಮವಂತೆ. ನಮ್ಮ ವರ್ಣಮಾಲೆಯ ನಂಟೇ. ವ್ಯಾಕರಣ ಇನ್ನೂ ಹತ್ತಿರ. ‘ವತಾಶಿ ವಾ ರಿಂಗೊ ಒ ತಬೆಮಾಸೆನ್’ ಎಂದರೆ ‘ನಾನು ಸೇಬನ್ನು ತಿನ್ನುವುದಿಲ್ಲ’. ಪದ ಇದ್ದಲ್ಲೇ ಪದ, ವಿಭಕ್ತಿ ಇದ್ದಲ್ಲೇ ವಿಭಕ್ತಿ. ನಮ್ಮ ಹಾಗೆಯೇ ಕ್ರಿಯಾಪದ ಕೊನೆಗೆ, ‘ಇಲ್ಲ’ ಎನ್ನುವುದು ಅದರ ಬಾಲಕ್ಕೆ. ಕಾಚೋ ಮಾಡಿದ್ದು ಇಷ್ಟೇ: ಬಾಲವನ್ನು ನುಂಗಿದರು. ಬಾಲದ ಜೊತೆ ‘ಇಲ್ಲ’ ಕೂಡ ಅವರ ಹೊಟ್ಟೆಗೇ ಹೋಯಿತು. ಕೇಳುವವನು ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳಬೇಕು. ಇದಕ್ಕೆ ಇಲ್ಲಿ ‘ಗಾಳಿ ಓದುವುದು’ ಎನ್ನುತ್ತಾರೆ. ನಿತ್ಯಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳು 2136. ಅದರಲ್ಲಿ ಅರ್ಧಕ್ಕೇ ನನ್ನ ಕನ್ನಡಕದ ನಂಬರು ಏರಿದೆ. ಇನ್ನು ಗಾಳಿಯನ್ನೂ ಓದಬೇಕಂತೆ.

‘ಹೈ’ ಎಂದರೆ ಹೌದು ಎಂದು ನಿಘಂಟು ಹೇಳುತ್ತದೆ, ನಂಬಬೇಡಿ. ನಾನು ಯೋಜನೆಯನ್ನು ವಿವರಿಸುತ್ತಿದ್ದರೆ ಎದುರಿನವರು ‘ಹೈ, ಹೈ, ನರುಹೊದೊ’ (ಓಹೋ, ಹಾಗೋ) ಎನ್ನುತ್ತಲೇ ಇರುತ್ತಾರೆ. ಒಪ್ಪಿದರು ಎಂದುಕೊಂಡು ಸಿಹಿ ಹಂಚಿದರೆ ಕೆಟ್ಟಿರಿ. ಅದು ಅಜ್ಜಿಯ ಕಥೆಗೆ ನಾವು ಹೂಂಗುಟ್ಟುತ್ತಿದ್ದೆವಲ್ಲ, ಅದು. ಹೂಂಗುಟ್ಟಿದ ಮಾತ್ರಕ್ಕೆ ರಾಕ್ಷಸನ ಪ್ರಾಣ ಗಿಳಿಯಲ್ಲಿತ್ತು ಎಂಬುದನ್ನು ಒಪ್ಪಿಕೊಂಡಂತೆಯೇ?

ಇನ್ನು ಮರ್ಯಾದೆಯ ಮಾತು. ‘ಇರಷ್ಶಾರು’ ಎಂಬ ಗೌರವದ ಕ್ರಿಯಾಪದವೊಂದಿದೆ. ಹೋಗುವುದಕ್ಕೂ ಅದೇ, ಬರುವುದಕ್ಕೂ ಅದೇ, ಇರುವುದಕ್ಕೂ ಅದೇ. ದೊಡ್ಡವರು ಬಂದರೋ ಹೋದರೋ ಇಲ್ಲೇ ಇದ್ದಾರೋ ಎನ್ನುವುದು ಸಣ್ಣವರಾದ ನಮಗೆ ಯಾಕೆ ಬೇಕು! ಆದರೆ ಹೊರಗಿನವರಿಂದ ಫೋನು ಬಂದರೆ ಲೆಕ್ಕ ತಲೆಕೆಳಗು. ನಮ್ಮ ಕಾಚೋ ಆಗ ‘ನಮ್ಮವರು’, ನಮ್ಮವರನ್ನು ಹೊರಗಿನವರ ಮುಂದೆ ಏರಿಸಿ ಮಾತನಾಡಬಾರದು. ಹೆಸರಿನ ಕೊನೆಗೆ ಗೌರವಕ್ಕೆ ಸೇರಿಸುವ ‘ಸಾನ್’ ಕಿತ್ತುಹಾಕಿ, ಬರೀ ಮನೆತನದ ಹೆಸರು ಹಿಡಿದು, ವಿನಯದ ಕ್ರಿಯಾಪದ ಹಚ್ಚಿ ‘ಈಗ ಸ್ಥಳದಲ್ಲಿಲ್ಲ’ ಎನ್ನಬೇಕು. ಎದುರಿಗೇ ಕೂತಿರುವ ಹಿರಿಯರನ್ನು ಏಕವಚನದಲ್ಲಿ ಕರೆದಷ್ಟು ಎದೆ ಢವಗುಟ್ಟುತ್ತದೆ. ಮೊದಲ ಸಲ ಹಾಗೆ ಹೇಳಿ ಫೋನು ಇಟ್ಟ ಮೇಲೆ ಕಾಚೋಗೆ ಕ್ಷಮೆ ಕೇಳಿದೆ. ಯಾತಕ್ಕೆ ಎಂದು ಅವರಿಗೆ ಇವತ್ತಿಗೂ ಗೊತ್ತಾಗಿಲ್ಲ.

ರಜೆ ನನ್ನ ಹಕ್ಕು ಎನ್ನುವುದೇನೋ ನಿಜ. ಜನ ರಜೆಯನ್ನೇ ಹಾಕುವುದಿಲ್ಲವೆಂದು, ನೌಕರರು ವರ್ಷಕ್ಕೆ ಕನಿಷ್ಠ 5 ದಿನವಾದರೂ ಸಂಬಳಸಹಿತ ರಜೆ ತೆಗೆದುಕೊಳ್ಳುವಂತೆ ಮಾಲೀಕರೇ ನೋಡಿಕೊಳ್ಳಬೇಕೆಂಬ ಕಾನೂನು 2019ರಲ್ಲಿ ಜಾರಿಗೆ ಬಂತು. ಆದರೆ ಗಾಳಿಯ ವಿರುದ್ಧ ಕಾನೂನು ಓದಿ ಹೇಳುವಷ್ಟು ಜಪಾನಿ ನನಗೆ ಬರುವುದಿಲ್ಲ. ಬಂದಿದ್ದರೆ ಹೇಳುವ ಧೈರ್ಯವೂ ಇರುತ್ತಿರಲಿಲ್ಲ ಎನ್ನಿ.

ಟಿಕೆಟು ರದ್ದು ಮಾಡಿದ ರಾತ್ರಿ ಅಮ್ಮನ ಫೋನು. ಅಕ್ಕನ ಮನೆಗೆ ಬಣ್ಣ ಬಳಿದದ್ದಾಯಿತಂತೆ, ಅಡುಗೆಯವರಿಗೆ ಮುಂಗಡ ಕೊಟ್ಟಾಯಿತಂತೆ. ‘ರಜೆ ಸಿಕ್ಕಿತೇನೋ?’ ಎಂದು ಕೇಳಿದರು. ಹೇಳಲು ಬಾಯಿ ತೆರೆದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗಿ ಉಸಿರೆಳೆದುಕೊಂಡೆ.

‘ನೋಡೋಣ ಅಮ್ಮ… ಈ ಸಲ ಸ್ವಲ್ಪ…’

ಅಮ್ಮ ವಾಕ್ಯ ಮುಗಿಯಲು ಕಾಯಲಿಲ್ಲ. ಎರಡು ಕ್ಷಣ ಸುಮ್ಮನಿದ್ದು, ‘ಆ ಕಡೆ ಬರುವವರು ಯಾರಾದರೂ ಇದ್ದರೆ ತಿಳಿಸು, ಹೋಳಿಗೆ ಕಟ್ಟಿ ಕಳಿಸುತ್ತೇನೆ’ ಎಂದರು.