ಗೆರೆಯ ಒಳಗೆ ನಿಂತವರು ಯಾರು?

ಮೊನ್ನೆ ಆಫೀಸಿನಲ್ಲಿ ನನ್ನ ನೋಟ್‌ಬುಕ್ ತೆರೆದೇ ಇತ್ತು. ಪಕ್ಕದ ಕುರ್ಚಿಯ ಹುಡುಗ ಬಗ್ಗಿ ನೋಡಿದ. ಬಿಡುವು ಸಿಕ್ಕರೆ ಸಾಕು, ಫ್ಯಾಂಟಸಿ ಗೇಮ್ ಆಡುತ್ತಾ ಕೂರುವವನು. "ಇದು ಯಾವ ಗೇಮಿನ ಮಂತ್ರಲಿಪಿ?" ಅಂತ ಕೇಳಿದ. ಅದು ಕನ್ನಡ ಮಾರಾಯ ಅಂದೆ. ಅಲ್ಲಿ ಬರೆದಿದ್ದು ಮೂರೇ ಸಾಲು: ಬಿಲ್ ಕಟ್ಟಬೇಕು, ನಲ್ಲಿ ರಿಪೇರಿ, ಅಕ್ಕನಿಗೆ ಫೋನ್.

ಇಬ್ಬರೂ ನಕ್ಕೆವು. ಆಮೇಲೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ಈ ಗೇಮು, ಕಾದಂಬರಿಗಳಲ್ಲಿ ಬರುವ ಮಾಯದ ಚಿಹ್ನೆಗಳು ನಿಜಕ್ಕೂ ಎಲ್ಲಾದರೂ ಇದ್ದವಾ, ಅಥವಾ ಸುಮ್ನೆ ಯಾರೋ ಕೂತು ಗೀಚಿದ್ದಾ? ಇದ್ದವು ಅಂದುಬಿಟ್ಟೆ. ಅದು ಅರ್ಧ ಉತ್ತರ ಅಂತ ಸಂಜೆ ಅನ್ನಿಸತೊಡಗಿತು. ಯಾಕೆಂದರೆ ಆಕಾರ ಹಳೆಯದಾ, ಅದಕ್ಕೆ ಕೊಟ್ಟ ಅರ್ಥ ಹಳೆಯದಾ, ಅದನ್ನು ಯಾರಾದರೂ ನಿಜವಾಗಿ ಮಾಟಕ್ಕೆ ಬಳಸಿದ್ದರಾ ಅನ್ನುವುದು ಮೂರು ಬೇರೆ ಬೇರೆ ಪ್ರಶ್ನೆ. ನಾವು ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ.

ಅವನು ನನ್ನ ಪಟ್ಟಿಯನ್ನು ನೋಡಿ ಮೋಸ ಹೋದ ಹಾಗೆಯೇ ಜಗತ್ತು ರೂನ್ ಲಿಪಿಯನ್ನು ನೋಡಿ ಮೋಸ ಹೋಗಿದೆ. ಕಥೆಗಳಲ್ಲಿ ಕತ್ತಿಯ ಮೇಲೆ, ಬಾಗಿಲ ಮೇಲೆ ಹೊಳೆಯುವ ಆ ಚೂಪು ಚೂಪು ಗೆರೆಗಳು ಮೂಲದಲ್ಲಿ ಅಕ್ಷರಗಳು, ಅಷ್ಟೇ. ಉತ್ತರ ಯುರೋಪಿನ ಜನ ಸುಮಾರು 2ನೇ ಶತಮಾನದಿಂದ ಬಳಸುತ್ತಿದ್ದ 24 ಅಕ್ಷರಗಳು. ಮರದಲ್ಲಿ ಚಾಕುವಿನಿಂದ ಕೊರೆಯಲು ಸುಲಭವಾಗಲಿ ಅಂತ ನೇರ ಗೆರೆ, ಓರೆ ಗೆರೆ. ನಾರ್ವೆಯ ಬರ್ಗೆನ್ ಊರಿನ ಹಳೆಯ ಬಂದರಿನಲ್ಲಿ 1955ರಲ್ಲಿ ಬೆಂಕಿ ಬಿತ್ತು. ಆಮೇಲೆ ಅಲ್ಲಿ ಅಗೆದಾಗ ರೂನ್ ಕೊರೆದ ಮರ, ಮೂಳೆಯ ಚೂರುಗಳು 600ಕ್ಕೂ ಜಾಸ್ತಿ ಸಿಕ್ಕವು. ಈ ಸರಕು ಯಾರದು ಅಂತ ತಿಳಿಸುವ ಚೀಟಿಗಳು, ವ್ಯಾಪಾರದ ಪತ್ರಗಳು, ಪ್ರೀತಿಯ ಮಾತು, ಪೋಲಿ ಮಾತು. ಒಂದರಲ್ಲಿ ಇರುವುದು ಇಷ್ಟೇ: ನೀನು ಮನೆಗೆ ಹೋಗಬೇಕಂತೆ, ಗ್ಯುಡಾ ಹೇಳ್ತಾಳೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದಲ್ಲಿ ಮೇಸ್‌ಹೋ ಅನ್ನುವ ಕಲ್ಲಿನ ಗೋರಿ ಇದೆ. 12ನೇ ಶತಮಾನದಲ್ಲಿ ಅದರೊಳಗೆ ನುಗ್ಗಿದವನೊಬ್ಬ, ಪಶ್ಚಿಮದ ಕಡಲಾಚೆ ರೂನ್ ಬಲ್ಲವರಲ್ಲಿ ತಾನೇ ಗಟ್ಟಿಗ ಅಂತ ಗೋಡೆಯಲ್ಲೇ ಕೊಚ್ಚಿಕೊಂಡಿದ್ದಾನೆ. ಗೋಡೆ ಸಿಕ್ಕರೆ ಹೆಸರು ಕೊರೆಯುವ ಚಟ ಎಲ್ಲ ಕಾಲದಲ್ಲೂ ಇತ್ತು ನೋಡಿ.

ಹಾಗಂತ ಮಾಟ ಇರಲೇ ಇಲ್ಲ ಅಂತಲ್ಲ. ಗೆಲುವು ಬೇಕಾದರೆ ಕತ್ತಿಯ ಹಿಡಿಯ ಮೇಲೆ ರೂನ್ ಕೊರೆದು ಟ್ಯೂರ್ ದೇವರ ಹೆಸರನ್ನು ಎರಡು ಸಲ ಹೇಳು ಅಂತ ಉತ್ತರ ಯುರೋಪಿನ ನಾರ್ಸ್ ಭಾಷೆಯ ಹಳೆಯ ಕಾವ್ಯವೇ ಹೇಳುತ್ತದೆ. ಆದರೆ ಅದು ಅಕ್ಷರದ ಒಂದು ಬಳಕೆ, ಅಷ್ಟೇ. ಇಂಗ್ಲಿಷ್ ಲೇಖಕ ಟೋಲ್ಕಿನ್ 1937ರಲ್ಲಿ ತಮ್ಮ 'ದಿ ಹಾಬಿಟ್' ಕಾದಂಬರಿಯ ಕುಬ್ಜರ ನಕ್ಷೆಗೆ ರೂನ್ ಹಾಕಿದಾಗಲೂ ಹೊಸ ಲಿಪಿಯನ್ನೇನೂ ಕಟ್ಟಲಿಲ್ಲ. ಹಳೆಯ ಇಂಗ್ಲೆಂಡಿನ ರೂನ್‌ಗಳನ್ನೇ ತೆಗೆದುಕೊಂಡು ಇಂಗ್ಲಿಷನ್ನೇ ಬರೆದರು. ಕಲಿತರೆ ಯಾರು ಬೇಕಾದರೂ ಓದಬಹುದು.

ಓದಲು ಬಾರದವನಿಗೆ ಬರಹವೇ ಮಾಟ. ಮಂತ್ರದ ಪುಸ್ತಕಕ್ಕೆ ಯುರೋಪಿನಲ್ಲಿ ಗ್ರಿಮ್ವಾರ್ ಅನ್ನುತ್ತಾರಲ್ಲ, ಆ ಪದ ಹುಟ್ಟಿದ್ದೇ ಗ್ರಾಮರ್ ಅನ್ನುವ ಪದದಿಂದ. ಹೌದು, ವ್ಯಾಕರಣ! ಗ್ಲಾಮರ್ ಕೂಡ ಅದೇ ಬೇರಿನದು, ಮೊದಲು ಅದಕ್ಕೆ ಕಣ್ಕಟ್ಟು ಅನ್ನುವ ಅರ್ಥವಿತ್ತು. ಶಾಲೆಯಲ್ಲಿ ಸಂಧಿ, ಸಮಾಸ ನೋಡಿ ಹೆದರಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. ನಮ್ಮ ಬೀಜಾಕ್ಷರಗಳಲ್ಲೂ ಇರುವುದು ಇದೇ ನಂಬಿಕೆ, ಅರ್ಥ ಬೇಡ, ಅಕ್ಷರಕ್ಕೇ ಬಲವಿದೆ ಅಂತ.

ಇಷ್ಟರವರೆಗೆ ಅಲ್ಲಿಗೂ ಇಲ್ಲಿಗೂ ಜಾಸ್ತಿ ವ್ಯತ್ಯಾಸವಿಲ್ಲ. ನನಗೆ ನಿಜವಾದ ವ್ಯತ್ಯಾಸ ಕಂಡಿದ್ದು ವೃತ್ತದಲ್ಲಿ. ನಾಡು ಬಿಟ್ಟು ಹೊರಗೆ ಬಂದ ಮೇಲೆಯೇ ಕಂಡಿದ್ದು, ಊರಲ್ಲಿದ್ದಾಗ ಪೂಜೆಯ ಯಂತ್ರವನ್ನು ನೋಡಿಯೂ ನೋಡಿರಲಿಲ್ಲ.

ಯುರೋಪಿನ ಮಂತ್ರಪುಸ್ತಕಗಳಲ್ಲಿ ಬೈಬಲಿನ ಸೊಲೊಮನ್ ರಾಜನ ಹೆಸರಿಗೆ ಅಂಟಿಸಿದ್ದೊಂದು ಇದೆ. ಸೊಲೊಮನ್ ಬರೆದಿದ್ದಲ್ಲ, 17ನೇ ಶತಮಾನದಲ್ಲಿ ಯಾರೋ ಹಳೆಯದನ್ನೆಲ್ಲ ಸೇರಿಸಿ ಕಟ್ಟಿದ್ದು. ಅದರಲ್ಲಿ 72 ದೆವ್ವಗಳು, ಒಂದೊಂದಕ್ಕೂ ಒಂದೊಂದು ಮುದ್ರೆ. ಇವತ್ತಿನ ಗೇಮು, ಕಾಮಿಕ್ಸ್‌ಗಳಲ್ಲಿ ಕಾಣುವ ಕೊಂಡಿ ಕೊಂಡಿಯಾದ ದೆವ್ವದ ಗುರುತುಗಳಲ್ಲಿ ಎಷ್ಟೋ ನೇರವಾಗಿ ಅಲ್ಲಿಂದಲೇ ಎತ್ತಿದವು. ಅದರ ವಿಧಾನ ನೋಡಿ. ನೆಲದ ಮೇಲೆ ಒಂಬತ್ತು ಅಡಿ ಅಗಲದ ವೃತ್ತ ಬರೆಯಬೇಕು. ಅದರಿಂದ ಎರಡು ಅಡಿ ದೂರದಲ್ಲಿ ಒಂದು ತ್ರಿಕೋನ. ವೃತ್ತದ ಒಳಗೆ ನಿಲ್ಲುವವನು ಮಂತ್ರವಾದಿ, ದೆವ್ವ ಬರಬೇಕಾದದ್ದು ಹೊರಗಿನ ತ್ರಿಕೋನಕ್ಕೆ. ಅಂದರೆ ವೃತ್ತ ಅವನ ಬೇಲಿ. ಮುದ್ರೆ ಅನ್ನುವುದು ದೆವ್ವದ ರುಜು, ಅದನ್ನು ಹಿಡಿದು ಆಜ್ಞೆ ಮಾಡುವುದು. ಓದುತ್ತಾ ಹೋದರೆ ಮಾಟಕ್ಕಿಂತ ಕೋರ್ಟಿನ ಸಮನ್ಸ್ ಜಾರಿ ಮಾಡಿದ ಹಾಗಿರುತ್ತದೆ. ಬರದಿದ್ದರೆ ಇಂಥ ಶಿಕ್ಷೆ, ಇನ್ನೂ ಬರದಿದ್ದರೆ ಇನ್ನೂ ದೊಡ್ಡ ಶಿಕ್ಷೆ.

ಶ್ರೀಚಕ್ರದಲ್ಲಿ ಇದೆಲ್ಲ ತಲೆಕೆಳಗು. ಹೊರಗಡೆ ನಾಲ್ಕು ಬಾಗಿಲಿನ ಚೌಕ, ಅದಕ್ಕೆ ಭೂಪುರ ಅಂತ ಹೆಸರು. ಒಳಗೆ 16 ದಳ, ಅದರೊಳಗೆ 8 ದಳ. ಆಮೇಲೆ ಮೇಲ್ಮುಖ ನಾಲ್ಕು, ಕೆಳಮುಖ ಐದು ತ್ರಿಕೋನಗಳು ಒಂದನ್ನೊಂದು ಕತ್ತರಿಸಿ 43 ಚಿಕ್ಕ ತ್ರಿಕೋನಗಳಾಗುತ್ತವೆ. ನಟ್ಟನಡುವೆ ಒಂದು ಚುಕ್ಕೆ. ಇಲ್ಲಿ ಒಳಗೆ ಕೂತಿರುವುದು ದೇವಿ. ಮನುಷ್ಯ ಹೊರಗಿದ್ದಾನೆ, ಒಂದೊಂದೇ ಆವರಣ ದಾಟಿ ಬಾಗಿಲು ತಟ್ಟುತ್ತಾ ಒಳಗೆ ಹೋಗಬೇಕು. ಅಲ್ಲಿನ ಗೆರೆ ಬೇಲಿಯಾದರೆ ಇಲ್ಲಿನ ಗೆರೆ ಮನೆ. ಅಲ್ಲಿ ಕರೆಸುವುದು, ಇಲ್ಲಿ ಕೂರಿಸುವುದು.

ಈಗ ಗೇಮುಗಳನ್ನು, ಜಪಾನಿನ ಅನಿಮೆಗಳನ್ನು ನೆನಪಿಸಿಕೊಳ್ಳಿ. ಮಾಂತ್ರಿಕ ಕೈ ಚಾಚುತ್ತಾನೆ, ಗಾಳಿಯಲ್ಲಿ ಹೊಳೆಯುವ ವೃತ್ತ ತಿರುಗುತ್ತದೆ, ಅದರ ನಡುವಿನಿಂದ ಬೆಂಕಿ ಚಿಮ್ಮುತ್ತದೆ. ಅಕ್ಷರ, ಗ್ರಹದ ಗುರುತು ಎಲ್ಲ ಯುರೋಪಿನವು. ಆದರೆ ಶಕ್ತಿ ವೃತ್ತದ ಒಳಗಿದೆ, ಮಾಂತ್ರಿಕ ಹೊರಗಿದ್ದಾನೆ. ಬೇಲಿಯ ನಕ್ಷೆ ಹಿಡಿದು ಮನೆ ಕಟ್ಟಿದ ಹಾಗೆ! ಅವರು ಶ್ರೀಚಕ್ರ ನೋಡಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ ಅನ್ನುವುದೇ ಸಾಕಷ್ಟು ಕಾರಣ.

ನಮ್ಮಲ್ಲಿ ಬೇಲಿಯ ಗೆರೆ ಇಲ್ಲವೇ ಅಂತ ನೀವು ಕೇಳುತ್ತೀರಿ, ಲಕ್ಷ್ಮಣರೇಖೆ ಇದೆಯಲ್ಲ ಅಂತ. ಇದೆ. ಆದರೆ ವಾಲ್ಮೀಕಿಯಲ್ಲಿ ಅದಿಲ್ಲ, ಆಮೇಲಿನ ಕವಿಗಳು ಎಳೆದ ಗೆರೆ. ಈಗ ರಾಮಾಯಣ ಅಂದರೆ ಮೊದಲು ನೆನಪಾಗುವ ಮೂರು ನಾಲ್ಕು ಸಂಗತಿಗಳಲ್ಲಿ ಅದೂ ಒಂದು. ಕಥೆಗಾರ ಸೇರಿಸಿದ್ದು ಮೂಲವಾಗಿ ಕೂತುಬಿಡುವುದು ಹೀಗೆ.

ಐದು ಮೂಲೆಯ ನಕ್ಷತ್ರದ್ದೂ ಹೀಗೇ. ಅದನ್ನು ತಲೆಕೆಳಗು ಮಾಡಿದರೆ ಸೈತಾನ ಅಂತ ಸಿನಿಮಾ ನೋಡಿದ ಎಲ್ಲರಿಗೂ ಗೊತ್ತು. ಆ ಆಕಾರ ಮೆಸೊಪೊಟೇಮಿಯಾದಷ್ಟು ಹಳೆಯದು. 14ನೇ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯವೊಂದರಲ್ಲಿ ಗವೇನ್ ಅನ್ನುವ ವೀರನ ಗುರಾಣಿಯ ಮೇಲೆ ಅದು ಕ್ರಿಸ್ತನ ಐದು ಗಾಯಗಳ ಗುರುತು. ನೆಟ್ಟಗಿದ್ದರೆ ಒಳ್ಳೆಯದು, ಮಗುಚಿದರೆ ಕೆಟ್ಟದ್ದು ಅಂತ ಗಟ್ಟಿಯಾಗಿ ಹೇಳಿದ್ದು ಎಲಿಫಾಸ್ ಲೇವಿ ಅನ್ನುವ ಫ್ರೆಂಚ್ ಲೇಖಕ, ಅದೂ 1850ರ ದಶಕದಲ್ಲಿ. ಆಕಾರಕ್ಕೆ ಸಾವಿರಾರು ವರ್ಷ, ಹೆದರಿಕೆಗೆ ಇನ್ನೂ 200 ತುಂಬಿಲ್ಲ.

ನಾನೀಗ ಇರುವ ಈ ಪರದೇಶದವರಿಗೆ ವೈಕಿಂಗ್ ಹುಚ್ಚು, ಅಂದರೆ ಸಾವಿರ ವರ್ಷದ ಹಿಂದಿನ ಉತ್ತರ ಯುರೋಪಿನ ಕಡಲಯಾನಿಗಳ ಹುಚ್ಚು. ತೋಳಿನ ಮೇಲೆ ಎಂಟು ಕಡ್ಡಿಯ ಒಂದು ಚಕ್ರವನ್ನು ಹಚ್ಚೆ ಹಾಕಿಸಿಕೊಂಡು ವೈಕಿಂಗ್ ದಿಕ್ಸೂಚಿ ಅನ್ನುತ್ತಾರೆ. ಅದರ ಹೆಸರು ವೆಗ್ವಿಸಿರ್. ಇದು ಜೊತೆಗಿದ್ದರೆ ಬಿರುಗಾಳಿಯಲ್ಲೂ ದಾರಿ ತಪ್ಪುವುದಿಲ್ಲ ಅಂತ ಬರೆದಿರುವ ಐಸ್‌ಲ್ಯಾಂಡಿನ ಹಸ್ತಪ್ರತಿ 1860ರದ್ದು. ವೈಕಿಂಗರ ಕಾಲ ಮುಗಿದು ಆಗಲೇ ಸುಮಾರು 800 ವರ್ಷ ಆಗಿತ್ತು. ಇದನ್ನು ಹಚ್ಚೆ ಹಾಕಿಸಿಕೊಂಡವರ ಮುಂದೆ ಹೇಳಿ ನಾನು ಒಬ್ಬ ಗೆಳೆಯನನ್ನು ಎರಡು ವಾರ ಕಳೆದುಕೊಂಡೆ.

ನಮ್ಮವರು ಮೇಲೇನೂ ಅಲ್ಲ. ಇಲ್ಲಿನವರು ಎಲ್ಲವನ್ನೂ ವೈಕಿಂಗರ ತಲೆಗೆ ಕಟ್ಟಿದರೆ ನಾವು ಋಷಿಮುನಿಗಳ ತಲೆಗೆ ಕಟ್ಟುತ್ತೇವೆ. ಅವರಾದರೂ ಎಷ್ಟು ಹಳೆಯದು ಅಂತ ಕೇಳುತ್ತಾರೆ, ತಪ್ಪು ಉತ್ತರ ನಂಬಿದರೂ ಸರಿ. ನಮ್ಮಲ್ಲಿ ಯಂತ್ರ ಕೈಗೆ ಬಂದರೆ ಮೊದಲ ಪ್ರಶ್ನೆ ಯಾವ ದಿಕ್ಕಿಗೆ ಇಡಬೇಕು ಅಂತ. ಯಾವ ಕಾಲದ್ದು, ಯಾರು ಬರೆದರು ಅಂತ ಕೇಳಿದರೆ ಅಪಶಕುನ ನುಡಿದ ಹಾಗೆ ನೋಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ವಯಸ್ಸು ಕೇಳಿದರೆ ಭಕ್ತಿ ಕಡಿಮೆಯಾಗುತ್ತದಾ?

ಕೇಳಿದರೆ ಎಂಥ ಚಂದದ ಸಂಗತಿ ಸಿಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಮೂರು ಸಾಲು, ಮೂರು ಕಂಬದ ಚೌಕ. 1ರಿಂದ 9ರವರೆಗಿನ ಅಂಕಿ, ಹೇಗೆ ಕೂಡಿದರೂ 15. ಜರ್ಮನಿಯ ಅಗ್ರಿಪ್ಪ 1533ರಲ್ಲಿ ಅಚ್ಚು ಹಾಕಿಸಿದ ಮಂತ್ರವಿದ್ಯೆಯ ಪುಸ್ತಕದಲ್ಲಿ ಅದು ಶನಿಯ ಚೌಕ. ನಮ್ಮ ನವಗ್ರಹ ಯಂತ್ರಗಳಲ್ಲಿ ಅದೇ ಚೌಕ ಸೂರ್ಯನದು. ಚೀನಾದಲ್ಲಿ ಅದಕ್ಕೇ ಲೋ ಶು ಅಂತ ಹೆಸರು. ಯಾರು ಯಾರಿಂದ ಕದ್ದರು ಅಂತ ಜಗಳ ಶುರು ಮಾಡುವ ಮೊದಲು ಪೆನ್ನು ಹಿಡಿದು ನೋಡಿ: ಆ ಒಂಬತ್ತು ಅಂಕಿಗಳನ್ನು ಹಾಗೆ ಕೂರಿಸಲು ಇರುವುದು ಒಂದೇ ದಾರಿ. ತಿರುಗಿಸಬಹುದು, ಮಗುಚಬಹುದು, ಬೇರೆಯದು ಸಿಗುವುದಿಲ್ಲ. ಚೌಕ ಲೆಕ್ಕದ್ದು. ಶನಿಯೋ ಸೂರ್ಯನೋ ಅನ್ನುವುದು ಮಾತ್ರ ಮನುಷ್ಯರದ್ದು.

ಬೆಂಕಿಗೆ ಎರಡೂ ಕಡೆ ತ್ರಿಕೋನವೇ. ರಸವಾದಿಗಳು ನೀರಿಗೂ ತ್ರಿಕೋನವನ್ನೇ ಮಗುಚಿ ಹಾಕಿದರೆ ನಮ್ಮ ತಂತ್ರಗ್ರಂಥಗಳು ಅರ್ಧಚಂದ್ರ ಬರೆದವು. ಇದು ನನಗಂತೂ ಹೆಚ್ಚು ನೀರಿನ ಹಾಗೆ ಕಾಣುತ್ತದೆ, ಪಕ್ಷಪಾತ ಅಂದರೂ ಸರಿ.

ಇನ್ನು ಉಲ್ಟಾ ಹೊಳೆ ಹರಿದ ಕಥೆ. ನಿಜದಿಂದ ಕಾದಂಬರಿಗೆ ಬಂದದ್ದು ಆಯಿತಲ್ಲ, ಕಾದಂಬರಿಯಿಂದ ನಿಜಕ್ಕೆ ಹೋದದ್ದೂ ಇದೆ. ಲವ್‌ಕ್ರಾಫ್ಟ್ ಅನ್ನುವ ಅಮೆರಿಕದ ಲೇಖಕ ತನ್ನ ಕಥೆಗಳಿಗಾಗಿ ನೆಕ್ರೊನಾಮಿಕಾನ್ ಅನ್ನುವ, ಇಲ್ಲದ ಪುಸ್ತಕವೊಂದನ್ನು ಕಲ್ಪಿಸಿದ. ಅವನು ಸತ್ತಿದ್ದು 1937ರಲ್ಲಿ. 1977ರಲ್ಲಿ ಅದೇ ಹೆಸರಿನ ಪುಸ್ತಕ ಮುದ್ರೆಗಳ ಸಮೇತ ಅಂಗಡಿಗೆ ಬಂತು. ಕೊಂಡವರಲ್ಲಿ ಅದನ್ನು ಇಟ್ಟುಕೊಂಡು ನಿಜವಾಗಿಯೇ ಮಂತ್ರ ಮಾಡಿದವರಿದ್ದಾರೆ. ನಡುವಿನಿಂದ ಎಂಟೂ ದಿಕ್ಕಿಗೆ ಬಾಣ ಹೊರಟ ಗುರುತೊಂದಿದೆ. ಅದನ್ನು ಮೈಕೆಲ್ ಮೂರ್‌ಕಾಕ್ ತನ್ನ ಫ್ಯಾಂಟಸಿ ಕಥೆಗಳಿಗೆ 1960ರ ದಶಕದಲ್ಲಿ ಯೋಚಿಸಿದ್ದು, ಗೊಂದಲದ ಚಿಹ್ನೆ ಅಂತ. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಮಂತ್ರವಾದಿಗಳ ಪಂಥ ಅದನ್ನೇ ತನ್ನ ಗುರುತು ಮಾಡಿಕೊಂಡಿತು, ಈಗಲೂ ಬಳಸುತ್ತದೆ.

ಇದನ್ನು ಕೇಳಿದ ಮೇಲೆ ಪಕ್ಕದ ಹುಡುಗ, ಹಾಗಾದರೆ ಅದು ನಿಜವಾದ ಮಂತ್ರಚಿಹ್ನೆಯಾ ಸುಳ್ಳಾ ಅಂದ. ಬಳಸುವವರಿದ್ದಾರೆ, ನಂಬುವವರಿದ್ದಾರೆ, ಬರೆದವರ ಹೆಸರು ಗೊತ್ತಿದೆ. ಶ್ರೀಚಕ್ರವನ್ನು ಮೊದಲು ಬರೆದವರ ಹೆಸರು ಗೊತ್ತಿಲ್ಲ ಅನ್ನುವುದೊಂದೇ ವ್ಯತ್ಯಾಸವಾ? ಅಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ, ಯಾಕೆ ಅಲ್ಲ ಅಂತ ಹೇಳಲು ಹೋದರೆ ತೊದಲುತ್ತೇನೆ. ಇನ್ನು 300 ವರ್ಷ ಬಿಟ್ಟು ಯಾರಾದರೂ ಆ ಎಂಟು ಬಾಣ ಬ್ಯಾಬಿಲೋನಿನದು ಅಂತ ಹಚ್ಚೆ ಹಾಕಿಸಿಕೊಂಡರೆ ಜಗಳ ಮಾಡಲು ನಾನಂತೂ ಇರುವುದಿಲ್ಲ.