ಮೊರದಲ್ಲಿ ಬಂದ ಮಳೆ

ಕಾರ್ಯದರ್ಶಿಗಳು ನಮ್ಮ ಮನೆಯ ಬೆಲ್ ಒತ್ತಿದರೆಂದರೆ ಎರಡೇ ಕಾರಣ. ಒಂದು ಮೆಂಟೆನೆನ್ಸ್ ಬಾಕಿ, ಇನ್ನೊಂದು ಕನ್ನಡ ಬಳಗ. ಬಾಕಿಯಾದರೆ ದುಡ್ಡು ಕೊಟ್ಟು ಕೈತೊಳೆದುಕೊಳ್ಳಬಹುದು. ಅವತ್ತು ಮುಖದಲ್ಲಿ ನಗು ಇತ್ತು. ಬಳಗವೇ ಎಂದು ಗೊತ್ತಾಗಿಹೋಯಿತು.

“ಸಾರ್, ನಿಮ್ಮ ಮನೇಲಿ ತಾತನ ಕಾಲದ ರೇಡಿಯೊ ಇದೆಯಂತಲ್ಲ?”

ಇದೆ. ಹಾಲಿನ ಮೂಲೆಯಲ್ಲಿ ಕೂತಿದೆ. ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೊಂದು ಹೂದಾನಿ. ವಾಲ್ವ್ ಸೆಟ್ಟು. ಸ್ವಿಚ್ ಹಾಕಿದ ತಕ್ಷಣ ಬಾಯಿ ಬಿಡುವ ಅಗ್ಗದ ಸ್ವಭಾವ ಅದರದ್ದಲ್ಲ. ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗಬೇಕು, ಅರ್ಧ ನಿಮಿಷ ಬೇಕೇಬೇಕು. ಅಷ್ಟರಲ್ಲಿ ತಾತ ಒಂದು ಚಿಟಿಕೆ ನಶ್ಯ ಏರಿಸಿ, ಮೂಗು ಒರೆಸಿ, ಪಂಚೆ ಸರಿಮಾಡಿಕೊಂಡು ಕೂರುತ್ತಿದ್ದರು. ಆಮೇಲೆ ರೇಡಿಯೊದ ಹಸಿರು ದೀಪದ ಕಣ್ಣು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಹಾಲಿನ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಲರಿಯ ಏರಿಯಲ್ ಕಟ್ಟಿದ್ದರು. ಅಜ್ಜಿ ಒಮ್ಮೆ ಅದರ ಮೇಲೆ ಒದ್ದೆ ಟವೆಲ್ ಹಾಕಿ ಬೈಸಿಕೊಂಡದ್ದು ನನಗಿನ್ನೂ ನೆನಪಿದೆ. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ರೇಡಿಯೊಗೆ ಲೈಸೆನ್ಸ್ ಕಟ್ಟಬೇಕಿತ್ತು. ನಮ್ಮ ಮನೆಯಲ್ಲಿ ಬಂದೂಕು ಇರಲಿಲ್ಲ. ಆದರೆ ಲೈಸೆನ್ಸ್ ಪುಸ್ತಕ ಹಿಡಿದು ಅಂಚೆ ಕಚೇರಿಯಿಂದ ವಾಪಸಾಗುವಾಗ ತಾತನ ನಡಿಗೆಯ ಗತ್ತು ಬಂದೂಕಿನದೇ.

ಕಾರ್ಯದರ್ಶಿಗಳ ಯೋಜನೆ ಏನೆಂದರೆ, ಸೆಪ್ಟೆಂಬರ್ 10ರ ಹತ್ತಿರದ ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ ‘1935ರ ಒಂದು ರೇಡಿಯೊ ದಿನ’. ಆ ತಾರೀಖಿಗೆ ಕಾರಣವಿದೆ, ಅದೂ ನಮ್ಮ ಮೈಸೂರಿನದೇ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದರು. ಟ್ರಾನ್ಸ್‌ಮಿಟರ್ 30 ವ್ಯಾಟಿನದು. ನಮ್ಮ ಹಾಲಿನ ಹಳೇ ಫ್ಯಾನು 75 ವ್ಯಾಟ್ ನುಂಗುತ್ತದೆ, ಗಾಳಿ ಮಾತ್ರ ಸೋಫಾದವರೆಗೂ ಬರುವುದಿಲ್ಲ. ಆ ಪುಣ್ಯಾತ್ಮರು ಅದರ ಅರ್ಧಕ್ಕಿಂತ ಕಡಮೆಯಲ್ಲಿ ಊರಿಗೇ ಸಂಗೀತ ಕೇಳಿಸಿದರು. ಮುಂದೆ 250 ವ್ಯಾಟಿನದು ಬಂತು, 1942ರಲ್ಲಿ ಮೈಸೂರು ಸರ್ಕಾರವೇ ನಿಲಯವನ್ನು ವಹಿಸಿಕೊಂಡಿತು. ‘ಆಕಾಶವಾಣಿ’ ಎಂದು ಆ ನಿಲಯಕ್ಕಿದ್ದ ಹೆಸರೇ ಕೊನೆಗೆ ಇಡೀ ದೇಶದ ರೇಡಿಯೊಗೆ ಬಂತು.

ಮನಃಶಾಸ್ತ್ರದ ಮೇಷ್ಟ್ರಿಗೂ ರೇಡಿಯೊಗೂ ಎತ್ತಣಿಂದೆತ್ತ ಸಂಬಂಧ ಎಂದು ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಆ ಭಾನುವಾರ ಕಳೆದ ಮೇಲೆ ಕೆರೆಯುವುದನ್ನು ನಿಲ್ಲಿಸಿದ್ದೇನೆ.

“ಎಲ್ಲಾ ಆಗಿನ ಕಾಲದ ಹಾಗೇ ನಡೀಬೇಕು ಸಾರ್,” ಎಂದರು ಕಾರ್ಯದರ್ಶಿಗಳು. “ರೆಕಾರ್ಡಿಂಗ್ ಇಲ್ಲ, ಮೊಬೈಲ್ ಇಲ್ಲ. ತಪ್ಪಾದರೆ ತಪ್ಪೇ ಹೋಗ್ಲಿ.” ಈ ಕೊನೆಯ ಮಾತನ್ನು ನಾವೆಲ್ಲ ಚಾಚೂ ತಪ್ಪದೆ ಪಾಲಿಸಿದೆವು.

ಪ್ರಸಾರಕ್ಕೆ ಅವರು ಕಂಡುಕೊಂಡ ದಾರಿ, ಬೆಂಕಿ ಬಿದ್ದರೆ ಕೂಗಿ ಹೇಳಲೆಂದು ಪ್ರತಿ ಮಹಡಿಯ ಪಡಸಾಲೆಯಲ್ಲೂ ಹಾಕಿರುವ ಸ್ಪೀಕರು. ಕೆಳಗೆ ಸಂಘದ ಆಫೀಸಿನಲ್ಲಿ ಮಾತಾಡಿದರೆ 48 ಮನೆಗೂ ಕೇಳಿಸುತ್ತದೆ, ಬೇಡವೆಂದರೂ ಕೇಳಿಸುತ್ತದೆ. ಆಫೀಸನ್ನೇ ಸ್ಟುಡಿಯೊ ಮಾಡಿದೆವು. ದನಿ ಗುಂಯ್‌ಗುಡದಿರಲೆಂದು ಗೋಡೆಗೆಲ್ಲ ಜಮಖಾನ, ಕಂಬಳಿ, ಒಬ್ಬರ ಮನೆಯ ಮದುವೆ ಕಾಲದ ರಜಾಯಿ. ಸದ್ದಾಗುತ್ತದೆಂದು ಫ್ಯಾನ್ ಆರಿಸಿದರು, ಮೊದಲ ಹತ್ತು ನಿಮಿಷಕ್ಕೇ ನಾವೆಲ್ಲ ಹಬೆಯಲ್ಲಿಟ್ಟ ಇಡ್ಲಿಗಳಾದೆವು. ಪಂಪ್ ಕೂಡ ಆರಿಸಿದ್ದರು, ಅದರ ಕಥೆ ಹೇಳುವುದಿಲ್ಲ. ಎರಡನೇ ಮಹಡಿಯಲ್ಲಿ ಒಬ್ಬರು ತಲೆಗೆ ಸೀಗೆಪುಡಿ ಹಚ್ಚಿಕೊಂಡಿದ್ದರು ಎಂದಷ್ಟೇ ಹೇಳಿದರೆ ಸಾಕು.

ನನ್ನ ಪಾಲಿಗೆ ಬಂದದ್ದು ನಾಟಕ ಬರೆಯುವುದು, ಜೊತೆಗೆ ಅದಕ್ಕೆ ಸದ್ದು ಹಾಕುವುದು. ಇಪ್ಪತ್ತು ನಿಮಿಷದ ನಾಟಕ. ಊರಿನಿಂದ ಬಂದ ಬೀಗರು ಮಳೆಯ ರಾತ್ರಿ ಟಾಂಗಾ ಹತ್ತಿ ರೇಡಿಯೊ ಕೇಳಲು ಬರುತ್ತಾರೆ. ಟಾಂಗಾಕ್ಕೆ ಕರಟ, ಇದು ಲೋಕಕ್ಕೆಲ್ಲ ಗೊತ್ತಿರುವ ವಿದ್ಯೆ. ಮಳೆಗೇ ನಾನು ಮೂರು ದಿನ ತಿಣುಕಿದ್ದು.

ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿಕೊಂಡು ನೆಲದ ಮೇಲೆ ಕೂತೆ. ಸ್ಟೀಲ್ ತಟ್ಟೆಯಲ್ಲಿ ಕಡಲೆ ಉರುಳಿಸಿದರೆ ಆಲಿಕಲ್ಲು. ಹೆಸರುಕಾಳು ಪರವಾಗಿಲ್ಲ, ಆದರೆ ಹನಿ ದಪ್ಪ. ಸಾಸಿವೆ ಮಡಿಕೇರಿಯ ಜಿಟಿಜಿಟಿ ಆಯಿತು, ಮೈಸೂರಿನ ಮಳೆಗೆ ಅಷ್ಟು ಸಹನೆ ಇಲ್ಲ. ಕೊನೆಗೆ ರಾಗಿ. ಪ್ಲಾಸ್ಟಿಕ್ ಮೊರದಲ್ಲಿ ಹಾಕಿ ಆಡಿಸಿದರೆ ಬರೀ ಪರಪರ. ಬಿದಿರಿನ ಮೊರದಲ್ಲಿ ಹಾಕಿದೆ ನೋಡಿ! ಮೊರವನ್ನು ಒಂದಿಷ್ಟು ವಾರೆಮಾಡಿ ರಾಗಿಯನ್ನು ಮೆಲ್ಲಗೆ ಅಂಚಿನವರೆಗೆ ಹೋಗಲು ಬಿಟ್ಟು, ಚೆಲ್ಲುವ ಮುಂಚೆ ಹಿಂದಕ್ಕೆ ಎಳೆದರೆ ದೂರದಿಂದ ಹೊಲದ ಮೇಲೆ ನಡೆದು ಬರುವ ಮಳೆ. ನಡುವಿನಲ್ಲಿ ಬೆರಳಿನಿಂದ ಮೊರದ ಬೆನ್ನಿಗೆ ಎರಡು ಏಟು ಹಾಕಿದರೆ ಹೆಂಚಿನಿಂದ ಬೀಳುವ ದಪ್ಪ ಹನಿ. ನನ್ನ ಮೈ ಜುಮ್ಮೆಂದಿತು. ಜಗಲಿಯ ವಾಸನೆ ಕೂಡ ಬಂದ ಹಾಗಾಯಿತು.

“ರೀ, ಅದು ಹೋದ ವರ್ಷದ ಗೌರಿ ಬಾಗಿನದ ಮೊರ. ನಮ್ಮಣ್ಣ ಕಳಿಸಿದ್ದು,” ಎಂದಳು ನನ್ನಾಕೆ ಬಾಗಿಲಲ್ಲಿ ನಿಂತು. ಆಮೇಲೆ ಪಾವು ತಂದು ಅಳೆದು ಕೊಟ್ಟಳು. “ನಾಲ್ಕು ಪಾವು ರಾಗಿ. ನಾಲ್ಕು ಪಾವೂ ಮನೆಗೆ ಬರಬೇಕು.”

ಭಾನುವಾರ ಬಂತು. ಆಗಿನ ಕಾಲದ ಹಾಗೇ ಇರಬೇಕೆಂಬ ಹಟಕ್ಕೆ ಕಾರ್ಯದರ್ಶಿಗಳು ಹಳೇ ಟೆಲಿಫೋನಿನ ಬಾಯಿ ಬಿಚ್ಚಿಸಿ, ನಮ್ಮ ಎಲೆಕ್ಟ್ರಿಷಿಯನ್ ಹುಡುಗನ ಕೈಯಲ್ಲಿ ಬ್ಯಾಟರಿ ಹಾಕಿಸಿ ಮೈಕು ಮಾಡಿಸಿದ್ದರು. ಅದರೊಳಗೆ ಇಂಗಾಲದ ಸಣ್ಣ ಹರಳುಗಳಿರುತ್ತವೆ. ನಾವು ಮಾತಾಡಿದಾಗ ಅವು ಅದುಮಿಕೊಂಡು ಸಡಿಲವಾಗಿ ಕರೆಂಟನ್ನು ಕುಣಿಸುತ್ತವೆ. ಹಿಂದಿನಿಂದ ಸದಾ ಒಂದು ಚುಂಯ್ ಎಂಬ ಒಗ್ಗರಣೆಯ ಸದ್ದು. ಕಷ್ಟವೆಂದರೆ ಆ ಹರಳುಗಳು ಸ್ವಲ್ಪ ಹೊತ್ತಿಗೆ ಒತ್ತಾಗಿ ಕೂತು ಮುಷ್ಕರ ಹೂಡುತ್ತವೆ. ಆಗ ಬೆರಳಿನಿಂದ ಮೈಕಿಗೆ ಟಕ್ ಟಕ್ ಎಂದು ತಟ್ಟಬೇಕು. ಅದೂ ನನ್ನ ಕೆಲಸವೇ ಆಯಿತು.

ಸರಿಯಾಗಿ ನಾಲ್ಕಕ್ಕೆ ಸಮಯಸೂಚನೆ. ಗಂಟೆ ಸಿಗದೆ ಯಾರೋ ದೇವರಮನೆಯ ಜಾಗಟೆ ತಂದಿದ್ದರು. ನಾಲ್ಕು ಏಟು, ಖಣ್ ಖಣ್ ಎಂದು ಐದು ಮಹಡಿಗೂ ಹೋಯಿತು. ಎರಡೇ ನಿಮಿಷಕ್ಕೆ ಐದನೇ ಮಹಡಿಯ ಅಜ್ಜಿ ಲಿಫ್ಟಿನಲ್ಲಿ ಇಳಿದು ಬಂದು, ಸ್ಟುಡಿಯೊ ಬಾಗಿಲಲ್ಲಿ ಕೈಮುಗಿದು ನಿಂತರು. ಮಂಗಳಾರತಿ ಎಲ್ಲಿ ಎಂದರು. ಕಾರ್ಯದರ್ಶಿಗಳು ಮಾತಾಡುವ ಹಾಗಿಲ್ಲ, ಮೈಕು ಆನ್ ಆಗಿದೆ. ಕೈಸನ್ನೆಯಲ್ಲೇ ವಿವರಿಸಿದರು. ಅಜ್ಜಿ ಅದನ್ನು ಪ್ರಸಾದ ಆಮೇಲೆ ಎಂದು ಅರ್ಥಮಾಡಿಕೊಂಡು ಒಳಗೆ ಬಂದು ಕುರ್ಚಿ ಎಳೆದು ಕೂತರು.

ವಾರ್ತೆಗೆ ಮೂರನೇ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು. ರೇಡಿಯೊ ತಾನೇ, ಬನಿಯನ್ ಸಾಕು ಎಂದರೂ ಕೇಳದೆ, ಕೋಟು ಹಾಕಿ ಬಂದಿದ್ದರು. ಬಿಬಿಸಿಯ ಆರಂಭದ ದಿನಗಳಲ್ಲಿ ಯಾರಿಗೂ ಕಾಣದಿದ್ದರೂ ಸಂಜೆಯ ವಾಚಕರು ಔತಣದ ಕೋಟು ತೊಟ್ಟೇ ಓದುತ್ತಿದ್ದರೆಂದು ಅವರಿಗೆ ಗೊತ್ತು. ಬರೆದ ಹಾಳೆ ಕೋಟಿನ ಜೇಬಿನಲ್ಲಿತ್ತು, ಕನ್ನಡಕ ಮಾತ್ರ ಬನಿಯನ್ ಜೊತೆ ಮನೆಯಲ್ಲಿ ಉಳಿದಿತ್ತು. ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು, ಒಮ್ಮೆ ತಿರುಗಿಸಿಯೂ ನೋಡಿದರು. ಕಡೆಗೆ ತುಂಬುಗಂಟಲಿನಲ್ಲಿ ಹೇಳಿದರು: “ವಾರ್ತೆಗಳು. ಈ ಹೊತ್ತು ವಾರ್ತೆ ಏನೂ ಇಲ್ಲ.”

ಹೊರಗೆ ಬಂದಮೇಲೆ ಅವರು ಇದನ್ನು ಸಮರ್ಥಿಸಿಕೊಂಡ ಬಗೆಗೆ ನಾನು ಬೆರಗಾದೆ. 1930ರ ಏಪ್ರಿಲ್ 18, ಗುಡ್ ಫ್ರೈಡೇ ದಿನ, ಬಿಬಿಸಿಯಲ್ಲೂ ವಾಚಕ ಬಂದು ಇವತ್ತು ಸುದ್ದಿ ಇಲ್ಲ ಎಂದ. ಉಳಿದ ಹೊತ್ತಿಗೆ ಪಿಯಾನೊ ಹಾಕಿದರು. ಇದು ನಡೆದದ್ದೇ. ಈಗಿನ ಟಿವಿ ಚಾನೆಲ್ಲಿನವರ ಬಾಯಲ್ಲಿ ಆ ಒಂದು ಮಾತು ಒಂದೇ ಒಂದು ಸಲ ಕೇಳಬೇಕೆಂದು ನನಗೆ ಆಸೆ.

ನಾಟಕ ಶುರುವಾಗುವ ಹೊತ್ತಿಗೆ ಮೈಕಿನ ಹರಳುಗಳು ಒತ್ತಾಗಿ ಕೂತವು. ತಟ್ಟಿದೆ. ಟಕ್ ಟಕ್ ಟಕ್. ಮತ್ತೆ ತಟ್ಟಿದೆ. ನನಗೇನು ಗೊತ್ತು, ಮೇಲೆ ಪ್ರತಿ ಪಡಸಾಲೆಯಲ್ಲೂ ಯಾರೋ ಬಾಗಿಲು ಬಡಿದ ಹಾಗೆ ಕೇಳಿಸಿ ಮನೆಮನೆಯವರೂ ಬಾಗಿಲು ತೆರೆದರಂತೆ. ಎದುರುಬದುರು ಬಾಗಿಲಲ್ಲಿ ನಿಂತು ನೀವು ಕರೆದಿರಾ, ಇಲ್ಲವಲ್ಲ ನೀವೇ ಕರೆದಿರಿ ಎಂದು ಮಾತಿಗೆ ಮಾತು ಬೆಳೆಯಿತಂತೆ. ವರ್ಷದಿಂದ ಪಾರ್ಕಿಂಗ್ ಜಗಳಕ್ಕೆ ಮುಖ ತಿರುಗಿಸಿಕೊಂಡಿದ್ದ ಇಬ್ಬರು ಅವತ್ತೇ ಮಾತಾಡಿದ್ದು. ಅದನ್ನು ನಾನು ಪ್ರಸಾರದ ಖಾತೆಗೆ ಜಮಾ ಮಾಡಿಕೊಂಡಿದ್ದೇನೆ.

ಟಾಂಗಾ ಹೊರಟಿತು. ಕರಟಗಳಲ್ಲಿ ಒಂದಕ್ಕೆ ಇನ್ನೂ ಅರ್ಧ ಕಾಯಿ ಅಂಟಿಕೊಂಡಿತ್ತು. ಟಕ್-ದುಬ್, ಟಕ್-ದುಬ್. ಕುದುರೆ ಕುಂಟಿತು. ಟಾಂಗಾ ಸಾಬರ ಪಾತ್ರ ಮಾಡುತ್ತಿದ್ದ ಕಾರ್ಯದರ್ಶಿಗಳು ಸಮಯಪ್ರಜ್ಞೆಯಿಂದ “ಏನ್ಮಾಡೋದು ಬುದ್ಧಿ, ಲಾಳ ಬಿದ್ದೋಗದೆ” ಎಂದು ಸೇರಿಸಿದರು. ನಾನು ಬರೆದ ಯಾವ ಮಾತಿಗೂ ನಗದ ಐದನೇ ಮಹಡಿಯ ಅಜ್ಜಿ ಅದಕ್ಕೆ ನಕ್ಕರು.

ಆಮೇಲೆ ಮಳೆ. ಮೊರವನ್ನು ತೊಡೆಯ ಮೇಲಿಟ್ಟು ವಾರೆಮಾಡಿದೆ. ಸೊಂಯ್ ಎಂದು ಎಳೆದೆ, ಬಿಟ್ಟೆ. ಇಂಗಾಲದ ಮೈಕಿಗೆ ನಮ್ಮ ದನಿಗಳು ಒಗ್ಗಿರಲಿಲ್ಲ, ಎಲ್ಲರೂ ನೆಗಡಿಯಾದವರ ಹಾಗೆ ಕೇಳುತ್ತಿದ್ದೆವು. ರಾಗಿ ಮಾತ್ರ ಅದಕ್ಕೆ ಹೇಳಿ ಮಾಡಿಸಿದ ಹಾಗೆ ಒಪ್ಪಿತು. ಹಿಂದಿನ ಚುಂಯ್ ಎಂಬ ಸದ್ದೂ ಮಳೆಗೇ ಕೂಡಿಕೊಂಡಿತು. ನಾನು ಕಣ್ಣು ಮುಚ್ಚಿ ಒಂದು ಸುತ್ತು ಜೋರು ಮಾಡಿದೆ.

ಮೆಟ್ಟಿಲಲ್ಲಿ ಧಡಧಡ ಸದ್ದು. ಅದು ನನ್ನ ಪಟ್ಟಿಯಲ್ಲಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಜನ ತಾರಸಿಗೆ ಓಡುತ್ತಿದ್ದಾರೆ. ಒಬ್ಬರ ಕೈಯಲ್ಲಿ ಬಕೆಟ್ಟು, ಒಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಹಾಳೆ. ಐದು ನಿಮಿಷಕ್ಕೆ ಅವರೆಲ್ಲ ಹೆಗಲ ತುಂಬ ಸೀರೆ, ಬೆಡ್‌ಶೀಟು ಹೊತ್ತು ನಮ್ಮ ಬಾಗಿಲಿಗೆ ಬಂದರು. “ಎಲ್ರೀ ಮಳೆ?”

ಆಕಾಶವಾಣಿಯನ್ನು ನಂಬಿ ತಲೆ ಕೆಡಿಸಿಕೊಂಡವರಲ್ಲಿ ಕಂಸನೇ ಮೊದಲಿಗ, ನಮ್ಮವರು ಮೊದಲೇನಲ್ಲ. 1926ರ ಜನವರಿಯಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಬಿಬಿಸಿಯಲ್ಲಿ ತಮಾಷೆಗೆ, ಲಂಡನ್ನಿನಲ್ಲಿ ದಂಗೆಯೆದ್ದಿದೆ, ಬಿಗ್ ಬೆನ್ ಗೋಪುರ ಬಿತ್ತು ಎಂದು ಸುದ್ದಿಯ ಧಾಟಿಯಲ್ಲೇ ಓದಿದಾಗ ಎಷ್ಟೋ ಮನೆಗಳಲ್ಲಿ ಗಾಬರಿಯಾಯಿತು. ಅವನ ಹತ್ತಿರವೂ ಸದ್ದಿನವರು ಇದ್ದರು. ನನ್ನ ಹತ್ತಿರ ರಾಗಿ ಇತ್ತು ಅಷ್ಟೆ. ಇದನ್ನು ಒದ್ದೆ ಬೆಡ್‌ಶೀಟು ಹೊತ್ತು ನಿಂತವರಿಗೆ ಹೇಳುವ ಧೈರ್ಯ ಬರಲಿಲ್ಲ.

ಕಾರ್ಯದರ್ಶಿಗಳು ಟಾಂಗಾ ನಿಲ್ಲಿಸಿ ಮೈಕಿಗೆ ಬಂದರು. “ಕೇಳುಗರಲ್ಲಿ ವಿನಂತಿ. ಈಗ ತಾನೆ ತಾವು ಕೇಳಿದ್ದು ಮಳೆ ಅಲ್ಲ, ರಾಗಿ. ಇನ್ನು ಮುಂದೆ ಕೇಳಿಸಿದರೂ ರಾಗಿಯೇ. ದಯವಿಟ್ಟು ಯಾರೂ ಮನೆಯಿಂದ ಹೊರಗೆ ಬರಬಾರದು.” ಎರಡು ಸಲ ಓದಿದರು. ಜನ ಗೊಣಗುತ್ತ ಮೇಲೆ ಹೋಗಿ ಬಟ್ಟೆ ಮತ್ತೆ ಹರವಿ, ಬಾಗಿಲು ಹಾಕಿಕೊಂಡರು.

ನಾಟಕ ಮುಗಿಯಿತು. ಮೊರವನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡೆ. ಒಂದನೇ ಮಹಡಿಯ ಸೊಸೆ ದೇವರನಾಮ ಎತ್ತಿಕೊಂಡರು, ಅದಾದ ಮೇಲೆ ವಂದನಾರ್ಪಣೆ. ಅದರ ನಡುವೆ ಮತ್ತೆ ಮಳೆ ಕೇಳಿಸಿತು. ದೂರದಿಂದ ನಡೆದು ಬಂತು, ಜೋರಾಯಿತು, ನಡುವೆ ದಪ್ಪ ಹನಿಗಳೂ ಇದ್ದವು. ಕಾರ್ಯದರ್ಶಿಗಳು ನನ್ನ ಕಡೆ ನೋಡಿ ಹೆಬ್ಬೆರಳೆತ್ತಿ ಭೇಷ್ ಎಂದು ಸನ್ನೆ ಮಾಡಿದರು, ಆಮೇಲೆ ಸಾಕು ನಿಲ್ಲಿಸಿ ಎಂದು ಕೈಯಾಡಿಸಿದರು. ನಾನು ಎರಡೂ ಖಾಲಿ ಕೈಗಳನ್ನು ಎತ್ತಿ ತೋರಿಸಿದೆ.

48 ಮನೆಯಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಎರಡನೇ ಸಲದ ರಾಗಿ ಮೊದಲಿಗಿಂತ ಚೆನ್ನಾಗಿತ್ತು ಎಂದು ಆಮೇಲೆ ಇಬ್ಬರು ಮೆಚ್ಚಿ ಹೇಳಿದರು, ಬಟ್ಟೆಯ ನೆನಪಾಗುವ ಮುಂಚೆ.

ಮನೆಗೆ ಬಂದು ನನ್ನಾಕೆ ರಾಗಿ ಅಳೆದಳು. ಮೂರೂವರೆ ಪಾವು. ಉಳಿದರ್ಧ ಪಾವು ಜಮಖಾನದ ಎಳೆಗಳಲ್ಲಿ ಇನ್ನೂ ಇರಬೇಕು. ಅದನ್ನು ಬಾಯಿತುಂಬ ಹೇಳಿ ಮುಗಿಸಿದಳು. ತಾರಸಿಯಲ್ಲಿ ಒಣಹಾಕಿದ್ದ ಎರಡು ಕೆ.ಜಿ. ಬ್ಯಾಡಗಿ ಮೆಣಸಿನಕಾಯಿಯ ವಿಷಯ ಮಾತ್ರ ಇನ್ನೂ ಎತ್ತಿಲ್ಲ.