ಹುಲಿ ಬರಲಿಲ್ಲ, ದುಡ್ಡು ವಾಪಸ್ ಕೊಡಿ

“ಹುಲಿ ಎಷ್ಟೊತ್ತಿಗೆ ಬರುತ್ತೆ ಸಾರ್?”

ಕಬಿನಿ ಹಿನ್ನೀರಿನ ದಡದ ರಿಸಾರ್ಟುಗಳಲ್ಲಿ ರೂಮಿನ ಬೀಗದ ಕೈ ಕೊಡುವ ಹುಡುಗರು ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಸ್ವಲ್ಪ ಪಳಗಿದವರು “ನಿನ್ನೆ ಯಾವ ಕಡೆ ಬಂದಿತ್ತು?” ಎನ್ನುತ್ತಾರೆ. ಸಿಟಿ ಬಸ್ಸು ಇಂಥ ಹೊತ್ತಿಗೆ ಬರುತ್ತದೆಂದು ಯಾರೂ ಬರೆದುಕೊಡದ ನಾಡಿನಲ್ಲಿ ಹುಲಿಯೊಂದು ಮಾತ್ರ ಟೈಮಿಗೆ ಸರಿಯಾಗಿ ಬರಬೇಕು. ಕಾಸಿಗೆ ತಕ್ಕ ಕಜ್ಜಾಯ ಎಂದು ಕಲಿತವರಲ್ಲವೇ ನಾವು? ಕಾಸು ಕೊಟ್ಟಾಗಿದೆ. ಕಜ್ಜಾಯ ಎಲ್ಲೋ ಪೊದೆಯಲ್ಲಿ ಮಲಗಿದೆ.

2022ರ ಗಣತಿಯಲ್ಲಿ ರಾಜ್ಯಕ್ಕೆ 563 ಹುಲಿ, ನಾಗರಹೊಳೆಯೊಂದಕ್ಕೇ 141 ಎಂದು ಲೆಕ್ಕ ಬಂತು. ಅಂದಿನಿಂದ ಪ್ರವಾಸಿಗರ ಭಾಗಾಕಾರ ಶುರು. ಹುಲಿಗೆಂದೇ ಕಾದಿಟ್ಟ ಒಳಗಾಡು, ಅಂದರೆ ಕೋರ್ ಕಾಡು, 643 ಚದರ ಕಿ.ಮೀ., ಅದನ್ನು 141ರಿಂದ ಭಾಗಿಸಿದರೆ ನಾಲ್ಕೂವರೆ ಚದರ ಕಿ.ಮೀ.ಗೊಂದು ಹುಲಿ, ಮೂರು ಗಂಟೆ ಸುತ್ತಿದರೆ ಕಡಿಮೆಯೆಂದರೂ ಐದಾರು ಕಾಣಬೇಕು. ಹುಲಿಗೆ ಭಾಗಾಕಾರ ಬಾರದು. ಜೊತೆಗೆ ಕಾನೂನೂ ಅದರ ಕಡೆಗಿದೆ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೋರ್ ಕಾಡುಗಳ ಪ್ರವಾಸೋದ್ಯಮವನ್ನೇ ನಿಲ್ಲಿಸಿತ್ತು. ಅಕ್ಟೋಬರಿನಲ್ಲಿ ಮತ್ತೆ ಬಿಟ್ಟಾಗ ಬಂದ ಮಾರ್ಗಸೂಚಿಯ ಪ್ರಕಾರ ಕೋರ್ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಜಾಗದಲ್ಲಿ ಸಫಾರಿ ನಡೆಸುವಂತಿಲ್ಲ. ಅಂದರೆ ನಿಮ್ಮ ಮುಖ ನೋಡಲು ಮನಸ್ಸಿಲ್ಲದ ಹುಲಿಗೆ ಉಳಿದ ನೂರಕ್ಕೆ ಎಂಬತ್ತು ಪಾಲು ಕಾಡಿದೆ. ಬೆಂಗಳೂರಿನಲ್ಲಿ ನೆಂಟರಿಂದ ತಪ್ಪಿಸಿಕೊಳ್ಳಲು ನಮಗೆ ಇಷ್ಟು ಜಾಗವಿಲ್ಲ.

ಇರಲಿ, ಹೊರಡುವುದೇ ಆದರೆ ಯಾವಾಗ? ಬಲ್ಲವರು ಮಾರ್ಚ್‌ನಿಂದ ಮೇವರೆಗೆ ಎನ್ನುತ್ತಾರೆ. ಕಾಡೊಳಗಿನ ಕೆರೆಗಳು ಬತ್ತಿ, ಎಲೆ ಉದುರಿ, ಪೊದೆ ತೆಳುವಾಗಿ, ಕಬಿನಿ ಹಿನ್ನೀರು ಇಳಿದ ನೆಲದಲ್ಲಿ ಹಸಿ ಹುಲ್ಲು ಚಿಗುರಿ, ಆನೆಗಳು ಹಿಂಡುಹಿಂಡಾಗಿ ಬಂದು ಸೇರುವ ಕಾಲ ಅದು. ಆದರೆ ಆಗ ಸೆಖೆಯಂತೆ. ಆದ್ದರಿಂದ ನಾವು ಹೊರಡುವುದು ಆಗಸ್ಟ್ 15ರ ಲಾಂಗ್ ವೀಕೆಂಡಿಗೆ. ಆಗ ಹೆಜ್ಜೆಗೊಂದು ಹಳ್ಳದಲ್ಲಿ ನೀರು, ಆಳೆತ್ತರದ ಹುಲ್ಲು, ಅದರ ಮೇಲೆ ಲಂಟಾನ. ದಾರಿಯಿಂದ ಹತ್ತು ಅಡಿ ಆಚೆ ಆನೆ ನಿಂತಿದ್ದರೂ ಕಿವಿಯ ತುದಿಯಷ್ಟೇ ಕಾಣುತ್ತದೆ. ವಾಪಸ್ ಬಂದ ಮೇಲೆ ಒಂದು ಸ್ಟಾರ್ ಕೊಟ್ಟು ಬರೆಯುವುದು ಹೀಗೆ: “ಜಾಗ ಚೆನ್ನಾಗಿದೆ, ಆದರೆ ಮರಗಿಡ ಜಾಸ್ತಿ, ಪ್ರಾಣಿ ಕಾಣಲ್ಲ.” ಇನ್ನು ಕಾಡನ್ನೇ ನುಂಗುತ್ತಿರುವ ಸೆನ್ನಾ ಎಂಬ ಹೊರಗಿನ ಮರ ಹಳದಿ ಹೂ ಬಿಟ್ಟಿದ್ದರೆ ಅದರ ಮುಂದೆ ನಿಂತು ಸೆಲ್ಫಿ, ಕೆಳಗೆ ‘ಪ್ರಕೃತಿ ಮಾತೆ’.

ಬುಕಿಂಗ್‌ನದು ಬೇರೆ ಪುರಾಣ. ‘ನಾಗರಹೊಳೆ ಸಫಾರಿ’ ಎಂದು ಹುಡುಕಿ ಮೊದಲು ಕಂಡದ್ದಕ್ಕೆ ದುಡ್ಡು ಕಟ್ಟಿದರೆ ಟಿಕೆಟ್ ಕೊಡಗಿನ ಬದಿಯ ನಾಣಚ್ಚಿ ಗೇಟಿನದು, ರೂಮು ಕಬಿನಿ ಕಡೆಯ ದಮ್ಮನಕಟ್ಟೆ ಗೇಟಿನ ಬದಿಯದು. ನಡುವೆ ಇಡೀ ಕಾಡು. ಗೇಟಿನ ಹೆಸರು ನೋಡಿ, ಆಮೇಲೆ ರೂಮು ಹಿಡಿಯಿರಿ ಎಂಬ ಎರಡೇ ಮಾತಿನ ಬುದ್ಧಿವಾದ ಯಾರ ಕಿವಿಗೂ ಬೀಳುವುದಿಲ್ಲ. ಬಂಡೀಪುರಕ್ಕೆ ಹೋಗುವವರು ಟಿಕೆಟ್ ಕೌಂಟರ್ ಮೇಲುಕಾಮನಹಳ್ಳಿಗೆ ಹೋಗಿದೆ ಎಂಬುದು ತಿಳಿಯದೆ ಮುಂದೆ ಸಾಗಿ ಮತ್ತೆ ಹಿಂದೆ ಬರುತ್ತಾರೆ. ಕಬಿನಿಯಲ್ಲಂತೂ ದೊಡ್ಡ ತಮಾಷೆಯೇ ಇದೆ. ಎಷ್ಟೇ ದುಬಾರಿ ರಿಸಾರ್ಟಿನಲ್ಲಿ ಇಳಿದರೂ ಕಾಡಿನೊಳಗೆ ಹೋಗುವುದು ಸರ್ಕಾರಿ ವಾಹನದಲ್ಲೇ. ಈಜುಕೊಳ ಖಾಸಗಿ, ಹುಲಿ ಸರ್ಕಾರಿ. ಸರ್ಕಾರಿ ಎಂದಮೇಲೆ ಹೇಳಿದ ಹೊತ್ತಿಗೆ ಬರುತ್ತದೆಯೇ?

ಬಟ್ಟೆಯ ವಿಷಯದಲ್ಲಿ ಮಾತ್ರ ಸಿದ್ಧತೆ ಭರ್ಜರಿ. ಮೈತುಂಬ ಮಿಲಿಟರಿ ಚಿತ್ತಾರದ ಅಂಗಿ, ತಲೆಗೆ ಅಂಥದೇ ಟೋಪಿ. ಜಿಂಕೆಯ ಕಣ್ಣಿಗೆ ಕಿತ್ತಳೆಗೂ ಹಸಿರಿಗೂ ಹೆಚ್ಚು ಭೇದವಿಲ್ಲ. ಅದಕ್ಕೇ ಆ ಬಣ್ಣದ ಹುಲಿಯ ಹೊಟ್ಟೆ ತುಂಬುತ್ತಿರುವುದು. ಡೀಸೆಲ್ ಹೊಗೆ ಬಿಡುವ ಜೀಪಿನ ಮೇಲೆ ಕೂತು, ಸೆಂಟು ಪೂಸಿಕೊಂಡು, ಚಿಪ್ಸ್ ಪ್ಯಾಕೆಟ್ ಹರಿಯುತ್ತ ಮರೆಯಾಗಿದ್ದೇವೆ ಎಂದುಕೊಳ್ಳುವುದು ನಮ್ಮ ಭಾಗ್ಯ. ಡಿಸೆಂಬರಿನ ಬೆಳಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಕಿವಿ ಮುಚ್ಚುವ ಉಣ್ಣೆ ಟೋಪಿ ಬೇಕು. ಅದು ಫೋಟೋದಲ್ಲಿ ಅಜ್ಜನ ಹಾಗೆ ಕಾಣುತ್ತದೆಂದು ಮನೆಯಲ್ಲೇ ಉಳಿದಿರುತ್ತದೆ.

ಸೆಂಟಿನಿಂದ ಆಗುವ ನಷ್ಟ ಇನ್ನೂ ಒಂದಿದೆ. ಹುಲಿ ತನ್ನ ಗಡಿಯ ಮರಗಳಿಗೆ ಸಿಂಪಡಿಸುವ ದ್ರವಕ್ಕೆ ಬಾಸುಮತಿ ಅನ್ನದ ಪರಿಮಳ. ಆ ಅಕ್ಕಿಯಲ್ಲಿರುವ ರಾಸಾಯನಿಕವೇ ಇದರಲ್ಲೂ ಇದೆ. ಗಾಳಿ ಈ ಕಡೆ ಬೀಸಿ, ಡ್ರೈವರು ಮೂಗರಳಿಸಿ, ಎಂಜಿನ್ ಆರಿಸಿ, ಮರದ ಬೊಡ್ಡೆಯ ಕಡೆ ನೋಡುವ ಹೊತ್ತಿಗೆ ಹಿಂದಿನ ಸೀಟಿನಿಂದ ದನಿ ಬರುತ್ತದೆ: “ಯಾರ್ರೀ ಪಲಾವ್ ತಂದಿರೋದು?”

ಇನ್ನು ಕೇಳುವ ವಿದ್ಯೆ. ಹುಲಿಯನ್ನು ಹುಡುಕುವುದು ಕಣ್ಣಿಗಿಂತ ಕಿವಿ. ಜಿಂಕೆ ಸ್ವಲ್ಪ ಪುಕ್ಕಲು, ಸೀಳುನಾಯಿ ಕಂಡರೂ ಕೂಗುತ್ತದೆ, ಎಲೆ ಅಲ್ಲಾಡಿದರೂ ಕೂಗುತ್ತದೆ. ಮುಸುವ ಮರದ ತುದಿಯಲ್ಲಿರುವುದರಿಂದ ಅದು ಕೆಮ್ಮಿದ ಹಾಗೆ ಕೂಗುತ್ತ ಯಾವ ಕಡೆ ನೋಡುತ್ತದೆ ಎಂಬುದೇ ವಿಳಾಸ. ಕಡವೆ ಕಾಲು ಅಪ್ಪಳಿಸಿ ‘ಢೋಂಕ್’ ಎಂದು ಬಿಟ್ಟೂಬಿಡದೆ ಕೂಗಿದರೆ ನಂಬಬಹುದು, ದೊಡ್ಡ ಬೇಟೆಗಾರ ಹತ್ತಿರದಲ್ಲೇ ಇದೆ. ದಾರಿಯ ಮಣ್ಣನ್ನೂ ಓದಬೇಕು. ಹೆಜ್ಜೆಯ ಮೇಲೆ ಟೈರಿನ ಗೆರೆ ಬಿದ್ದಿದ್ದರೆ ಹುಲಿ ನಿಮಗಿಂತ ಮುಂಚೆ ಹೋದ ಜೀಪಿಗಿಂತಲೂ ಮೊದಲೇ ದಾಟಿದೆ. ಟೈರಿನ ಗೆರೆಯ ಮೇಲೆ ಹೆಜ್ಜೆ ಒತ್ತಿದ್ದರೆ ಆ ಜೀಪಿನವರು ನತದೃಷ್ಟರು, ನಿಮಗೆ ಇನ್ನೂ ಆಸೆಯಿದೆ. ಬೆರಳು ಗುಂಡಗಿದ್ದು ಹೆಜ್ಜೆ ಚೌಕವಾಗಿದ್ದರೆ ಗಂಡು, ಉದ್ದವಾಗಿದ್ದರೆ ಹೆಣ್ಣು. ಡ್ರೈವರು ಬಗ್ಗಿ ಇಷ್ಟೆಲ್ಲ ತೋರಿಸಿದ ಮೇಲೆ ಬರುವ ಉತ್ತರ: “ಅದೆಲ್ಲ ಸರಿ, ಹುಲಿ ಎಲ್ಲಿ?”

ನವಿಲು, ಕಾಡೆಮ್ಮೆ, ಆನೆ, ಕೆಂದಳಿಲು, ಎಲ್ಲ ಕಂಡಿರುತ್ತವೆ. ಅವು ಊಟದ ಎಲೆಯ ತುದಿಯ ಉಪ್ಪು, ಉಪ್ಪಿನಕಾಯಿ. ಕಬಿನಿಯಲ್ಲಿ ಕರಿಚಿರತೆಯೊಂದು ಹೆಸರು ಮಾಡಿದ ಮೇಲೆ ಮಾಮೂಲಿ ಚಿರತೆಗೂ ಮರ್ಯಾದೆ ಇಳಿದಿದೆ. ಬಿಸಿಲಲ್ಲಿ ಮರದ ಮೇಲೆ ಒರಗಿದ ಚುಕ್ಕೆಯ ಚಿರತೆಯನ್ನು ಕಂಡು “ಕಪ್ಪಗಿಲ್ವಾ?” ಎನ್ನುವವರಿದ್ದಾರೆ.

ಹುಲಿ ನಿಜವಾಗಿಯೂ ಬಂದರೆ? ಹುಲಿಗೂ ಜೀಪಿನ ದಾರಿ ಇಷ್ಟ. ಮುಳ್ಳಿಲ್ಲದ ಮೆತ್ತನೆ ಮಣ್ಣು ಅಂಗಾಲಿಗೆ ಹಿತ. ಅದು ದಾರಿಗಿಳಿದ ಎರಡೇ ನಿಮಿಷಕ್ಕೆ ನಾಲ್ಕು ಜೀಪು, ಒಂದು ಬಸ್ಸು ಬಂದು ಸೇರಿ ಸಿಲ್ಕ್ ಬೋರ್ಡ್ ಜಂಕ್ಷನ್ ಆಗುತ್ತದೆ. ಪ್ರಾಣಿಯಿಂದ 20 ಮೀಟರ್ ದೂರವಿರಬೇಕು, ಸುತ್ತುಗಟ್ಟಬಾರದು ಎಂದು ಅದೇ 2012ರ ಮಾರ್ಗಸೂಚಿಯಲ್ಲಿದೆ. ಆದರೆ ಹಿಂದಿನ ಸಾಲಿನವರಿಗೆ ಕಾಣುತ್ತಿಲ್ಲವಲ್ಲ, “ಸ್ವಲ್ಪ ಮುಂದೆ ತಗೊಳ್ಳಿ ಅಣ್ಣ.” ಹುಲಿ ಕಂಡರೆ ಟಿಪ್ಸು, ಕಾಣದಿದ್ದರೆ ಬರೀ ಥ್ಯಾಂಕ್ಸು ಎಂಬ ಲೆಕ್ಕ ಗೊತ್ತಿರುವ ಅಣ್ಣ ಮುಂದೆ ತೆಗೆದುಕೊಳ್ಳುತ್ತಾನೆ. ಮಹಾರಾಷ್ಟ್ರದ ಉಮ್ರೇಡ್ ಕಾಡಿನಲ್ಲಿ 2024ರ ಡಿಸೆಂಬರ್ 31ರಂದು ಹೀಗೇ ಮುಂದೆ ತೆಗೆದುಕೊಂಡು, ಐದು ಮರಿಗಳ ತಾಯಿಹುಲಿಯನ್ನು ಎರಡೂ ಕಡೆಯಿಂದ ಅಡ್ಡಗಟ್ಟಿದರು. ಬಾಂಬೆ ಹೈಕೋರ್ಟು ತಾನಾಗಿಯೇ ಕೇಸು ಕೈಗೆತ್ತಿಕೊಳ್ಳಬೇಕಾಯಿತು. ಹುಲಿ ನೋಡಲು ಹೋದವರ ವಿಡಿಯೊವನ್ನು ನ್ಯಾಯಾಧೀಶರೂ ನೋಡುವಂತಾಯಿತು.

ಕ್ಯಾಮೆರಾ ಶುಲ್ಕ ಒಂದು ಅಪ್ಪಟ ಸರ್ಕಾರಿ ಕಲಾಕೃತಿ. ಲೆನ್ಸು ಉದ್ದವಾದಷ್ಟೂ ದುಡ್ಡು ಹೆಚ್ಚು. ಉದ್ದ ಲೆನ್ಸಿನವನು ದೂರದಲ್ಲೇ ಕೂತು ಸುಮ್ಮನೆ ತೆಗೆಯುತ್ತಾನೆ, ಅವನಿಗೆ ದಂಡ. ಮೊಬೈಲಿನವನು ಹುಲಿಯ ಮೀಸೆ ಎಣಿಸುವಷ್ಟು ಹತ್ತಿರ ಹೋಗಲೇಬೇಕಿತ್ತು, ಅವನಿಗೆ ಪುಕ್ಕಟೆಯಾಗಿತ್ತು. ಕೋರ್ ಕಾಡಿನ ಸಫಾರಿಯಲ್ಲಿ ಮೊಬೈಲ್ ಬೇಡ ಎಂದು ಕೊನೆಗೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಹಾಗೆಂದು ಉದ್ದ ಲೆನ್ಸಿನವನೂ ಸಂತನಲ್ಲ. 600 ಎಂಎಂ ಲೆನ್ಸು ಹೊತ್ತು ಬಂದವನ ಎದುರು ಹುಲಿ ಹದಿನೈದು ಮೀಟರಿನಲ್ಲಿ ನಿಂತರೆ ಚಿತ್ರದಲ್ಲಿ ಸಿಗುವುದು ಮುಖ, ಮುಕ್ಕಾಲು ಹೆಗಲು. ಸಂಜೆ ಆರರ ಮಬ್ಬಿನಲ್ಲಿ ಎಂಜಿನ್ನಿನ ನಡುಕಕ್ಕೆ ಅದೂ ಅಲುಗಾಡಿರುತ್ತದೆ. ಜೀಪಿನಲ್ಲಿ ಟ್ರೈಪಾಡ್ ಬಿಡಿಸಲು ಜಾಗವಿರುವುದಿಲ್ಲ. ಹಳೇ ಜೀನ್ಸಿನ ಒಂದು ಕಾಲು ಕತ್ತರಿಸಿ, ಎರಡು ಕೆ.ಜಿ. ಅಕ್ಕಿ ತುಂಬಿ, ಎರಡೂ ತುದಿ ಹೊಲಿದು ಜೀಪಿನ ಕಂಬಿಯ ಮೇಲಿಟ್ಟರೆ ಲೆನ್ಸು ಅಲುಗದೆ ಕೂರುತ್ತದೆ. ಲಕ್ಷಗಟ್ಟಲೆ ಲೆನ್ಸಿಗೆ ಸುರಿದವನಿಗೆ ಅಕ್ಕಿಚೀಲ ಅವಮಾನ.

ಅದೇ ನವೆಂಬರಿನಲ್ಲಿ ಸರಗೂರಿನ ಸುತ್ತ ಹುಲಿ ದಾಳಿಗೆ ರೈತರು ಸತ್ತಾಗ ಸರ್ಕಾರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿ, ಸಫಾರಿಯ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ಇತ್ತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಚರ್ಚೆ: ಅಡ್ವಾನ್ಸ್ ಕಟ್ಟಿದ್ದರ ಗತಿ ಏನು, ಡೇಟು ಮುಂದಕ್ಕೆ ಹಾಕುತ್ತಾರಾ? ಹೀಗಾಗಿ ಯಾವುದೇ ವರ್ಷ ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯೇ ಎಂದು ಫೋನು ಮಾಡಿ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಗೇಟು ಹಾಕುತ್ತಾರೆ.

ಇಷ್ಟೆಲ್ಲ ಆದಮೇಲೂ “ಹುಲಿ ಗ್ಯಾರಂಟಿ ಇರೋ ಜಾಗ ಹೇಳಿ” ಎನ್ನುವವರಿಗೆ ಒಂದು ದಾರಿಯಿದೆ. ಎಚ್.ಡಿ. ಕೋಟೆ, ಸರಗೂರಿನ ಕಾಡಂಚಿಗೆ ಹೋಗಿ ಹತ್ತಿ ಹೊಲದಲ್ಲಿ ಕಳೆ ಕೀಳುವ ಕೂಲಿಗೆ ಸೇರಿಕೊಳ್ಳಿ. ಆಧಾರ್ ಕೇಳುವುದಿಲ್ಲ, ಲೆನ್ಸಿನ ಶುಲ್ಕವಿಲ್ಲ, ಶೇ 20ರ ಮಿತಿಯಿಲ್ಲ, ಮೇಲಾಗಿ ಕೂಲಿ ಅವರೇ ಕೊಡುತ್ತಾರೆ. ಮೂರು ಗಂಟೆಯಲ್ಲ, ಇಡೀ ದಿನ ಸಫಾರಿ. ಸಂಜೆ ಆರೂವರೆಗೆ ಕರೆದುಕೊಂಡು ಹೋಗಲು ಜೀಪು ಬರುವುದಿಲ್ಲ, ಅಷ್ಟೆ.